ಸ್ಟಿಕ್ಕರ್ ಕೆಳಗಿನ ಗಂಟು: ಕಲಬುರಗಿಯ ಬಿಸಿಲಿಗೆ ಬಿರಿದ ಒಂದು ಬ್ಯಾಟಿನ ಪ್ರಕರಣ

ಬಿರುಕು ನೋಡಲು ದೊಡ್ಡದೇನೂ ಇರಲಿಲ್ಲ. ಬ್ಯಾಟಿನ ಕೆಳತುದಿಯಿಂದ 21 ಸೆಂ.ಮೀ. ಮೇಲೆ, ಒಂದು ಅಂಚಿನಿಂದ ಒಳಕ್ಕೆ 34 ಮಿ.ಮೀ. ಉದ್ದದ ಕೂದಲೆಳೆ, ಅಷ್ಟೇ. ಆದರೆ ಅದು ಗ್ರೇನ್ ಗೆರೆಗಳ (ಮರದ ನಾರಿನುದ್ದಕ್ಕೆ ಕಾಣುವ ಗೆರೆಗಳು) ಜೊತೆಗೆ ಓಡದೆ ಅವನ್ನು ಅಡ್ಡಡ್ಡ ಕಡಿದಿತ್ತು. ಮೇಲಿನಿಂದ ಕೆಳಕ್ಕೆ ಇಳಿಯುವ ಬಿರುಕು ಬ್ಯಾಟಿಗೆ ನೆಗಡಿ ಬಂದ ಹಾಗೆ, ಅಂಟು ತುಂಬಿ ಟೇಪು ಸುತ್ತಿದರೆ ಮುಗಿಯಿತು. ಅಡ್ಡ ಬಿರುಕು ಬಂದಾಗ ಮಾತ್ರ ಕಾರಣ ಹುಡುಕಲೇಬೇಕು. ವಿಲ್ಲೋ ಮರದ ನಾರು ಉದ್ದುದ್ದ ಸೀಳುವುದು ಸಹಜ, ಅಡ್ಡ ತುಂಡಾಗುವುದು ಅಷ್ಟು ಸುಲಭವಲ್ಲ.

ಬ್ಯಾಟು ಇಂಗ್ಲಿಷ್ ವಿಲ್ಲೋ. ಮುಖದ ಮೇಲೆ ಏಳು ನೇರ ಗೆರೆ, ಎಲ್ಲಿಯೂ ಕಲೆ ಇಲ್ಲ, ಹಾಲಿನಂಥ ಬಿಳುಪು. ಮೊದಲ ದರ್ಜೆ ಎಂಬ ಚೀಟಿ. ಫೆಬ್ರುವರಿ ಕೊನೆಯಲ್ಲಿ ಆನ್‌ಲೈನ್‌ನಲ್ಲಿ ಕೊಂಡವರು ಕಲಬುರಗಿಯ ಲೆದರ್ ಬಾಲ್ ತಂಡವೊಂದರ ಆರಂಭಿಕ ಆಟಗಾರ. ಮುಖಕ್ಕೆ ಎರಡು ಸಲ ಎಣ್ಣೆ, ಐದೂವರೆ ತಾಸು ನಾಕಿಂಗ್ (ಮ್ಯಾಲೆಟ್ ಎಂಬ ಮರದ ಸುತ್ತಿಗೆಯಿಂದ ಬಡಿದು ಹದ ಮಾಡುವುದು), ಅದರ ಮೇಲೆ ಆಂಟಿ-ಸ್ಕಫ್ ಶೀಟ್, ಅಂದರೆ ಮುಖ ಕಾಯುವ ತೆಳು ಅಂಟುಹಾಳೆ. ಆಮೇಲೆ ನಾಲ್ಕು ದಿನ ನೆಟ್ಸ್, ಎರಡು ಪಂದ್ಯ. ಏಪ್ರಿಲ್ ನಡುವೆ, ಎರಡನೇ ಪಂದ್ಯದಲ್ಲಿ, ಮಿಡಾನ್ ಕಡೆಗೆ ಮೆತ್ತಗೆ ತಳ್ಳಿದ ಒಂದು ಚೆಂಡಿಗೆ ಬ್ಯಾಟು ಬೇರೆಯೇ ಸದ್ದು ಮಾಡಿತು.

ಮಾರಾಟಗಾರರ ಉತ್ತರ ನಿರೀಕ್ಷಿಸಿದ್ದೇ: ನಾಕಿಂಗ್ ಸರಿಯಾಗಿಲ್ಲ, ಇಲ್ಲವೇ ಕಳಪೆ ಚೆಂಡಿನಲ್ಲಿ ಆಡಿದ್ದೀರಿ, ವಾರಂಟಿ ಬರುವುದಿಲ್ಲ. ಆಟಗಾರರ ಕಡೆಯ ವಾದವೂ ಗೊತ್ತಿದ್ದದ್ದೇ: "ಮಾಲೇ ಖರಾಬ್ ಅದ." ಬ್ಯಾಟನ್ನು ಬಿಚ್ಚಿ ನೋಡಿದ ಮೇಲೆ ಎರಡೂ ಕಡೆ ಅರ್ಧರ್ಧ ತಪ್ಪಿತ್ತು ಎನ್ನಬೇಕಾಯಿತು.

ಮೊದಲು ತಕ್ಕಡಿ

ಭೂತಗನ್ನಡಿ ಹಿಡಿಯುವ ಮುಂಚೆ ಬ್ಯಾಟನ್ನು ತೂಗಬೇಕು. ಒಂದು ಗ್ರಾಂ ವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಕೊಳ್ಳುವಾಗ ಚೀಟಿಯಲ್ಲಿದ್ದ ತೂಕ 1,190 ಗ್ರಾಂ. ಆಮೇಲೆ ಹಚ್ಚಿದ ಶೀಟನ್ನೂ ಎರಡನೇ ಗ್ರಿಪ್ಪನ್ನೂ ತೆಗೆದು ತೂಗಿದಾಗ 1,151. ಎಣ್ಣೆ ಕುಡಿದ ಬ್ಯಾಟು ಸ್ವಲ್ಪ ಹೆಚ್ಚಬೇಕಿತ್ತು, ಇಲ್ಲಿ 39 ಗ್ರಾಂ ಕಡಿಮೆ. ಹೋದದ್ದು ನೀರು.

ಇಂಥ ಬ್ಯಾಟಿನಲ್ಲಿ ಹ್ಯಾಂಡಲ್ ಬಿಟ್ಟು ಬರೀ ಬ್ಲೇಡಿನ ಮರ ಸುಮಾರು 900 ಗ್ರಾಂ ಇರುತ್ತದೆ. ಕಾರ್ಖಾನೆ ಬಿಡುವಾಗ ತೇವಾಂಶ (ಒಣ ಮರದ ತೂಕಕ್ಕೆ ಲೆಕ್ಕ ಹಾಕಿದ್ದು) ಶೇ. 11 ಎಂದು ಹಿಡಿದರೆ ಒಣ ಮರ 811 ಗ್ರಾಂ. 39 ಗ್ರಾಂ ಅದರ ಶೇ. 4.8. ಅಂದರೆ ಮರ ಈಗ ಶೇ. 6ರ ಆಸುಪಾಸಿಗೆ ಇಳಿದಿದೆ. ಎರಡು ಮೊಳೆಯ ತೇವಾಂಶ ಮಾಪಕವನ್ನು ಬ್ಲೇಡಿನ ಹಿಂಬದಿಗೆ ಚುಚ್ಚಿದಾಗ ನಡುವೆ 6.5, ಕೆಳತುದಿಯ ಹತ್ತಿರ 5.5 ತೋರಿಸಿತು. ಮಾಪಕ ಮರದ ಜಾತಿ ಮತ್ತು ಉಷ್ಣತೆಗೆ ತಕ್ಕಂತೆ ಒಂದೆರಡು ಅಂಕ ಆಚೀಚೆ ಹೇಳುತ್ತದೆ. ಅದಕ್ಕೇ ತಕ್ಕಡಿಯ ಲೆಕ್ಕವನ್ನು ಹೆಚ್ಚು ನಂಬಬೇಕು.

ಇದು ಯಾಕಾಯಿತು ಎನ್ನಲು ದೂರ ಹೋಗಬೇಕಿಲ್ಲ. ಬ್ಯಾಟಿನ ವಿಲ್ಲೋ ಬೆಳೆಯುವುದು ಇಂಗ್ಲೆಂಡಿನ ಎಸ್ಸೆಕ್ಸ್, ಸಫೋಕ್ ಕಡೆಯ ಹಳ್ಳದ ದಂಡೆಗಳಲ್ಲಿ. ಅದನ್ನು ಸೀಳಿ, ತುದಿಗಳಿಗೆ ಮೇಣ ಹಚ್ಚಿ, ಶೇ. 10ರಿಂದ 12ಕ್ಕೆ ಒಣಗಿಸುತ್ತಾರೆ. 25 ಡಿಗ್ರಿ ಉಷ್ಣತೆ, ಶೇ. 65 ಆರ್ದ್ರತೆ ಇರುವ ಊರಲ್ಲಿ ಮರ ತಾನಾಗಿಯೇ ಶೇ. 12ರ ಹತ್ತಿರ ನಿಲ್ಲುತ್ತದೆ. ಅದೇ ಮರವನ್ನು 40 ಡಿಗ್ರಿ, ಶೇ. 20 ಆರ್ದ್ರತೆಯ ಗಾಳಿಯಲ್ಲಿಟ್ಟರೆ ಸುಮಾರು ಶೇ. 4ಕ್ಕೆ ಇಳಿಯುವ ತನಕ ಒಣಗುತ್ತಲೇ ಇರುತ್ತದೆ. ನಮ್ಮ ಏಪ್ರಿಲ್-ಮೇ ಮಧ್ಯಾಹ್ನ ಇರುವುದೇ ಹಾಗೆ. ಹಸಿ ಇದ್ದಾಗ ಬಳುಕುವ ತೊಗರಿ ಕಟ್ಟಿಗೆ ಬೇಸಿಗೆಯಲ್ಲಿ ಪಟ್ಟನೆ ಮುರಿಯುವುದನ್ನು ಕಂಡವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಬ್ಯಾಟು ಎಲ್ಲಿರುತ್ತಿತ್ತು ಎಂದು ಕೇಳಿದಾಗ ಇನ್ನೊಂದು ಸಂಗತಿ ಹೊರಬಂತು. ಹಗಲು ಕಿಟ್ ಬ್ಯಾಗಿನಲ್ಲಿ, ಶಹಾಬಾದ್ ಪರ್ಸಿ (ಕಲ್ಲಿನ ಚಪ್ಪಡಿ) ಹೊದಿಸಿದ ಮಾಳಿಗೆಯ ಕೆಳಗಿನ ಅಟ್ಟದ ಮೇಲೆ. ರಾತ್ರಿ ಮಲಗುವ ಕೋಣೆಯಲ್ಲಿ, ಕೂಲರ್ ಪಕ್ಕ ಗೋಡೆಗೆ ಆನಿಸಿ. ನೀರಿನ ಕೂಲರ್ ಬಿಡುವ ಗಾಳಿ ಹಸಿ. ಬ್ಯಾಟಿನ ಕೆಳತುದಿಯಲ್ಲಿ ನಾರಿನ ಬಾಯಿಗಳೆಲ್ಲ ತೆರೆದಿರುತ್ತವೆ, ಪಕ್ಕಗಳಿಗಿಂತ ಅಲ್ಲಿ ತೇವ ಎಷ್ಟೋ ಪಟ್ಟು ಬೇಗ ಒಳಹೋಗುತ್ತದೆ, ಅಷ್ಟೇ ಬೇಗ ಹೊರಬರುತ್ತದೆ. ರಾತ್ರಿ ಉಬ್ಬು, ಹಗಲು ಕುಗ್ಗು, ಆರು ವಾರ. ತುದಿಯಲ್ಲಿ ನಾಲ್ಕೈದು ಸಣ್ಣ ಸೀಳುಗಳು ಇದ್ದದ್ದು ಅದಕ್ಕೇ. ಅವು ಈ ಪ್ರಕರಣದ ಅಪರಾಧಿಗಳಲ್ಲ, ಸಾಕ್ಷಿಗಳು.

ನಾಕಿಂಗ್ ಮೇಲಿನ ಆರೋಪ

ಶೀಟ್ ಕಿತ್ತಾಗ ಮುಖದ ತುಂಬ ಒಂದೇ ಸಮನೆ ಮ್ಯಾಲೆಟ್‌ನ ಗುರುತು. ಅಂಚುಗಳನ್ನು 45 ಡಿಗ್ರಿ ಓರೆಯಲ್ಲಿ ಬಡಿದು ದುಂಡು ಮಾಡಿದ್ದಾರೆ. ಬಡಿಯದ ಬ್ಯಾಟಿನ ಲಕ್ಷಣ ಬೇರೆ ಇರುತ್ತದೆ: ಮುಖದ ಮೇಲೆ ಗೆರೆಗುಂಟ ತೆಳು ಸಿಪ್ಪೆ ಏಳುತ್ತದೆ, ಅಂಚಿನಲ್ಲಿ ಹೆಬ್ಬೆರಳು ಒತ್ತಿದಂಥ ತಗ್ಗು, ಆ ತಗ್ಗಿನ ಮೇಲ್ಗಡೆ ಬಿರುಕು. ಯಾರ್ಕರ್ (ಕಾಲಬುಡಕ್ಕೆ ಬೀಳುವ ಎಸೆತ) ಪೆಟ್ಟು ತುದಿಯಿಂದ ಮೇಲಕ್ಕೆ ಸೀಳುತ್ತದೆ. ಗಟ್ಟಿ ತಿರುಳಿನ ಅಗ್ಗದ ಚೆಂಡು ಹೊಲಿಗೆಯ ಅರ್ಧಚಂದ್ರ ಗುರುತುಗಳನ್ನು ಆಳವಾಗಿ ಬಿಡುತ್ತದೆ. ಈ ಮೂರೂ ಇಲ್ಲಿರಲಿಲ್ಲ. ಮುಖ್ಯವಾಗಿ, ಈ ಬಿರುಕು ಮೇಲ್ಮೈಯಲ್ಲಿ ಕೂದಲಿನಷ್ಟು ಸಣ್ಣದು, ಅಂಚಿನಲ್ಲಿ ಒಳಗಡೆ ಅಗಲ. ಪೆಟ್ಟಿನಿಂದ ಹುಟ್ಟಿದ ಬಿರುಕು ಹೊರಗೆ ಅಗಲವಾಗಿದ್ದು ಒಳಗೆ ಸಣ್ಣಗಾಗುತ್ತದೆ. ಇದು ಒಳಗೆ ಹುಟ್ಟಿ ಹೊರಗೆ ಬಂದದ್ದು.

ಒಳಗೇನಿತ್ತು

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಬ್ಲೇಡಿನ ಮುಖಕ್ಕೆ ತಾಗುವಷ್ಟು ತಗ್ಗಿಸಿ, ಬೆಳಕನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯಿಸಬೇಕು. ನೇರ ಬೆಳಕಿನಲ್ಲಿ ಕಾಣದ ಉಬ್ಬುತಗ್ಗು ಆಗ ನೆರಳಾಗಿ ಕಾಣುತ್ತದೆ. ಇಲ್ಲಿ ಬಿರುಕಿನ ಜಾಗದಲ್ಲೇ, ಒಂದು ಅಂಚಿನ ಕಡೆಯ ಮೂರು ಗ್ರೇನ್ ಗೆರೆಗಳು ಮೂರು ಸೆಂ.ಮೀ. ಉದ್ದಕ್ಕೆ ತುಸು ಬಳುಕಿದ್ದವು, ಹಳ್ಳದ ನೀರು ಕಲ್ಲಿಗೆ ಸುತ್ತು ಹಾಕಿ ಹೋಗುವ ಹಾಗೆ. ಕಲ್ಲು ಮಾತ್ರ ಕಾಣುತ್ತಿರಲಿಲ್ಲ.

ಬೆರಳಿನಿಂದ ಹ್ಯಾಂಡಲ್ ತುದಿಯನ್ನು ಸಡಿಲವಾಗಿ ಹಿಡಿದು ತೂಗಾಡಿಸಿ, ಮರದ ಸೌಟಿನಿಂದ ಎರಡೆರಡು ಸೆಂ.ಮೀ.ಗೆ ತಟ್ಟಿದಾಗ ಆ ಜಾಗದಲ್ಲಿ ಟಣ್ ಹೋಗಿ ಟಪ್ ಎಂದಿತು. ಬಿರುಕು ಬಿಟ್ಟ ಮೇಲೆ ಈ ಪರೀಕ್ಷೆಗೆ ಹೆಚ್ಚು ಬೆಲೆಯಿಲ್ಲ ಅನ್ನಿ, ಬಿರುಕೇ ಸದ್ದು ಕೆಡಿಸುತ್ತದೆ. ಆದರೆ ಬಿರುಕು 34 ಮಿ.ಮೀ.ಗೆ ಮುಗಿದರೂ ಟಪ್ ಸದ್ದು ಇನ್ನೂ ಒಳಕ್ಕೆ, ನಾಲ್ಕು ಸೆಂ.ಮೀ.ವರೆಗೆ ಇತ್ತು.

ಆಮೇಲೆ ಅಂಚಿನ ಸ್ಟಿಕ್ಕರ್ ತೆಗೆಯಬೇಕಾಯಿತು. ಹೇರ್ ಡ್ರೈಯರ್‌ನಿಂದ ಅರ್ಧ ನಿಮಿಷ ಬೆಚ್ಚಗೆ ಮಾಡಿ ಮೂಲೆಯಿಂದ ನಿಧಾನ ಎಳೆದರೆ ಹರಿಯದೆ ಬರುತ್ತದೆ. ಕೆಳಗೆ, ಮುಖದಿಂದ 9 ಮಿ.ಮೀ. ಆಳದ ಮಟ್ಟದಲ್ಲಿ, ಸಾಸಿವೆಗಿಂತ ತುಸು ದೊಡ್ಡದಾದ ಒಂದು ಚುಕ್ಕೆ. ಬಣ್ಣ ಮರದ್ದೇ. ಒದ್ದೆ ಬಟ್ಟೆಯಿಂದ ಒರೆಸಿದಾಗ ಸುತ್ತಲಿನ ಮರ ಕಪ್ಪಾಯಿತು, ಚುಕ್ಕೆ ಹಾಗೇ ಉಳಿಯಿತು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಿಡಿದರೆ ನೀಲಿಬಿಳುಪಾಗಿ ಹೊಳೆಯಿತು. ಮರದ ಪುಟ್ಟಿ. ಗುಂಡುಸೂಜಿಯಿಂದ ಕೆದರಿ ತೆಗೆದರೆ ಕೆಳಗೆ 3 ಮಿ.ಮೀ. ವ್ಯಾಸದ ಕಂದು ಗಂಟು, ಸುತ್ತ ಉಗುರಿನ ಅಂಚಿನಷ್ಟು ಸಂದು.

ಗಂಟು ಮಲಗಿರುವ ಬಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ಯಾಟಿನಲ್ಲಿ ಗಂಟು ಹೇಗೆ ಅಡಗುತ್ತದೆ ಎಂಬುದು ಮರ ಸೀಳುವ ರೀತಿಯಲ್ಲೇ ಇದೆ.

ವಿಲ್ಲೋ ದಿಮ್ಮಿಯನ್ನು ಹಲಸಿನ ತೊಳೆ ಬಿಡಿಸಿದಂತೆ ನಡುವಿನಿಂದ ತೊಗಟೆ ಕಡೆಗೆ ಸೀಳುತ್ತಾರೆ. ಹಾಗಾಗಿ ಬ್ಯಾಟಿನ ಅಗಲ ಎಂದರೆ ಮರದ ತಿರುಳಿನಿಂದ ತೊಗಟೆಗೆ ಹೋಗುವ ದಿಕ್ಕು. ಮುಖದ ಮೇಲಿನ ಏಳು ಗೆರೆ ಏಳು ವರ್ಷದ ಉಂಗುರಗಳ ಅಂಚು. ಒಂದು ಬದಿಯಲ್ಲಿ ಕೆಂಪುಗಂದು ಪಟ್ಟಿ ಇದ್ದರೆ ಅದು ತಿರುಳಿನ ಕಡೆ. ಈಗ ಕಾಂಡದ ಮೇಲೆ ಮೂಡಿದ ಮೊಗ್ಗೊಂದನ್ನು ಯೋಚಿಸಿ. ಅದರ ಬೇರು ಒಳಗಿನಿಂದ ಹೊರಕ್ಕೆ, ತಿರುಳಿನಿಂದ ತೊಗಟೆಗೆ ಓಡುತ್ತದೆ. ಅಂದರೆ ಬ್ಯಾಟಿನಲ್ಲಿ ಅದು ಮುಖಕ್ಕೆ ಸಮಾನಾಂತರವಾಗಿ, ಅಡ್ಡಡ್ಡ ಮಲಗುತ್ತದೆ. ಮುಖದಲ್ಲೂ ಹಿಂಬದಿಯಲ್ಲೂ ಕಾಣಿಸದೆ, ಹಲಗೆಯೊಳಗೆ ಅಡ್ಡ ಹೊಡೆದ ಮೊಳೆಯಂತೆ ಇರಬಲ್ಲದು. ಹೊರಗೆ ಬಾಯಿ ತೆರೆಯುವುದು ಅಂಚಿನಲ್ಲಿ ಮಾತ್ರ.

ಬೆಳೆಗಾರರು ಪ್ರತಿ ವರ್ಷ ಕಾಂಡದ ಮೇಲಿನ ಮೊಗ್ಗುಗಳನ್ನು ಕೈಯಿಂದ ಉಜ್ಜಿ ಉದುರಿಸುವುದು ಇದನ್ನು ತಡೆಯಲಿಕ್ಕೇ. ಒಂದು ತಪ್ಪಿಸಿಕೊಂಡು ಕೆಲವು ವರ್ಷ ಉಳಿದು, ಆಮೇಲೆ ಸತ್ತರೆ ಅಥವಾ ಸವರಿದರೆ, ಮುಂದಿನ ಉಂಗುರಗಳು ಅದನ್ನು ಮುಚ್ಚಿ ಬೆಳೆಯುತ್ತವೆ. ನಮ್ಮ ಬ್ಯಾಟಿನ ಗಂಟು ತಿರುಳಿನ ಕಡೆಯ ಅಂಚಿನಿಂದ 40 ಮಿ.ಮೀ. ಒಳಗೆ ಬಂದು, ಮೂರನೇ ಗೆರೆ ದಾಟಿ ನಿಂತಿತ್ತು. ತೊಗಟೆ ಕಡೆಯ ಅಂಚು ಸ್ವಚ್ಛ.

ತಂಪು ಊರಿನಲ್ಲಿ ಈ ಗಂಟು ವರ್ಷಗಟ್ಟಲೆ ಸುಮ್ಮನಿರಬಹುದಿತ್ತು. ಕಲಬುರಗಿಯ ಬೇಸಿಗೆಯಲ್ಲಿ ಯಾಕೆ ಸುಮ್ಮನಿರಲಿಲ್ಲ ಎಂದರೆ, ಮರ ಒಣಗುವಾಗ ನಾರಿಗೆ ಅಡ್ಡವಾಗಿ ಕುಗ್ಗುತ್ತದೆ, ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ತೇವಾಂಶ ಒಂದು ಅಂಕ ಇಳಿದರೆ ಅಗಲ ಶೇ. 0.13ರಷ್ಟು ಕುಗ್ಗುತ್ತದೆ ಎಂದು ಹಿಡಿಯೋಣ. ಐದು ಅಂಕ ಇಳಿದಾಗ 40 ಮಿ.ಮೀ. ಮರ ಕಾಲು ಮಿಲಿಮೀಟರ್ ಕುಗ್ಗುತ್ತದೆ. ಆದರೆ ಗಂಟಿನ ನಾರು ಅದೇ ದಿಕ್ಕಿನಲ್ಲಿ ಉದ್ದಕ್ಕೆ ಮಲಗಿದೆ, ಅದು ಕುಗ್ಗುವುದಿಲ್ಲ. ಗಂಟಿನ ದಪ್ಪದ ವಿಷಯದಲ್ಲಿ ಇದೇ ತಿರುವುಮುರುವು: ಗಂಟು ಸಣ್ಣಗಾಗುತ್ತದೆ, ಅದರ ಮೇಲೆ ಕೆಳಗೆ ಇರುವ ಮರ ಜಾಗ ಬಿಡುವುದಿಲ್ಲ. ಸುತ್ತ ಕಂಡ ಸಂದು ಹುಟ್ಟಿದ್ದು ಹೀಗೆ. ಹೀಗಾಗಿ ಗಂಟನ್ನೂ ಬಿಸಿಲನ್ನೂ ಎರಡು ಬೇರೆ ಕಾರಣಗಳಾಗಿ ಎಣಿಸುವುದು ತಪ್ಪು. ಬಿಸಿಲು ಗಂಟಿನ ಮೂಲಕವೇ ಬ್ಯಾಟಿಗೆ ಬಿರುಕು ತಂದಿತು.

ಇದರ ಜೊತೆಗೆ ಸುತ್ತಲಿನ ನಾರಿನ ಓರೆ. ನೇರ ನಾರಿಗೆ ಹೋಲಿಸಿದರೆ, ಹತ್ತಕ್ಕೆ ಒಂದರ ಓರೆ (ಹತ್ತು ಮಿ.ಮೀ. ಉದ್ದಕ್ಕೆ ಒಂದು ಮಿ.ಮೀ. ಪಕ್ಕಕ್ಕೆ) ಇರುವ ಮರದಲ್ಲಿ ಬಾಗುವ ಬಲ ಶೇ. 80ರ ಹತ್ತಿರ ಉಳಿಯುತ್ತದೆ. ಪೆಟ್ಟು ತಡೆಯುವ ಬಲ ಮಾತ್ರ ಶೇ. 60ರ ಸುಮಾರಿಗೆ ಬೀಳುತ್ತದೆ. ಐದಕ್ಕೆ ಒಂದಾದರೆ ಅದು ಶೇ. 40ಕ್ಕೂ ಕೆಳಗೆ. ಬಳುಕಿದ ಗೆರೆಯ ಬದಿಗೆ ಫೌಂಟನ್ ಪೆನ್ನಿನ ಶಾಯಿಯ ಒಂದು ಹನಿ ಇಟ್ಟಾಗ ಅದು ನಾರಿನ ದಿಕ್ಕಿಗೆ ಹರಿದು, ಎಂಟಕ್ಕೆ ಒಂದರಷ್ಟು ಓರೆ ತೋರಿಸಿತು. ಬ್ಯಾಟಿನ ಕೆಲಸವೇ ಪೆಟ್ಟು ತಿನ್ನುವುದು ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ರಿಪೇರಿಗಾಗಿ ತುಂಡು ಕತ್ತರಿಸಿದಾಗ ಒಡೆದ ಮೈ ನೋಡಲು ಸಿಕ್ಕಿತು. ಗಂಟಿನ ಸುತ್ತ ಬೇಳೆಯ ಅಗಲಕ್ಕೆ ನುಣುಪು, ತುಸು ಕಂದು. ಅಲ್ಲಿ ಎಣ್ಣೆ ಇಳಿದಿತ್ತು, ಅಂದರೆ ಆ ಸಂದು ಮೊದಲೇ ತೆರೆದಿತ್ತು. ಅದರಾಚೆ ಹೊಸ ಬಿಳಿ ಮರ, ಆದರೆ ಉದ್ದ ಸಿಬಿರು ಏಳದೆ ಬಿಸ್ಕತ್ತಿನಂತೆ ಮೊಟಕಾಗಿ ಮುರಿದದ್ದು. ಆರೋಗ್ಯದ ವಿಲ್ಲೋ ಮುರಿದರೆ ಪೊರಕೆಯಂತೆ ಸಿಬಿರು ಬಿಡುತ್ತದೆ. ಮೊಟಕು ಮುರಿತ ಅತಿಯಾಗಿ ಒಣಗಿದ ಮರದ ಗುರುತು.

ರಿಪೇರಿ

ಶೇ. 6ರ ಮರಕ್ಕೆ ಅಂಟು ಹಚ್ಚಿದರೆ ಮಳೆಗಾಲದಲ್ಲಿ ಮರ ಉಬ್ಬಿ ಜೋಡಣೆ ಬಿಡುತ್ತದೆ. ಆದ್ದರಿಂದ ಮೊದಲ ಕೆಲಸ ತೇವ ಮರಳಿಸುವುದು. ಎಣ್ಣೆಯಿಂದ ಇದು ಆಗುವುದಿಲ್ಲ, ಈ ತಪ್ಪು ಕಲ್ಪನೆ ತುಂಬಾ ಇದೆ. ಎಣ್ಣೆ ಮರಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಬೇಗ ಹೋಗದಂತೆ ತಡೆಯುತ್ತದೆ ಅಷ್ಟೇ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಬ್ಯಾಟನ್ನು ದಾರಕ್ಕೆ ತೂಗುಹಾಕಿ, ಒಂದು ಮೂಲೆಯಲ್ಲಿ ಹಸಿ ಗೋಣಿಚೀಲ ಹೊದಿಸಿದ ಮಣ್ಣಿನ ಗಡಿಗೆ ಇಟ್ಟು, ಆರ್ದ್ರತೆಯನ್ನು ಶೇ. 55–60ರಲ್ಲಿ ಹಿಡಿಯಲಾಯಿತು. ಗೋಣಿ ಬ್ಯಾಟಿಗೆ ತಾಗಬಾರದು. ದಿನ ಬಿಟ್ಟು ದಿನ ತೂಕ. ಹದಿನೆಂಟು ದಿನಕ್ಕೆ 1,151 ಹೋಗಿ 1,176 ಆಯಿತು, ಲೆಕ್ಕದಲ್ಲಿ ಶೇ. 9ರ ಸುಮಾರು. ಅವಸರದಲ್ಲಿ ಒದ್ದೆ ಬಟ್ಟೆ ಸುತ್ತಿದ್ದರೆ ಹೊರಮೈ ಉಬ್ಬಿ ಒಳಮೈ ಒಣಗಿಯೇ ಇದ್ದು ಇನ್ನೊಂದು ಬಿರುಕು ಬರುತ್ತಿತ್ತು.

ನಂತರ ಗಂಟನ್ನು ಅದರ ದಾರಿಯಲ್ಲೇ 6 ಮಿ.ಮೀ. ಡ್ರಿಲ್‌ನಿಂದ 42 ಮಿ.ಮೀ. ಆಳಕ್ಕೆ ಕೊರೆದು ತೆಗೆದು, ವಿಲ್ಲೋದ ಕಡ್ಡಿ ತುಂಬಿಸಲಾಯಿತು. ಉಳಿದ ಬಿರುಕಿಗೆ ಸಿರಿಂಜಿನಿಂದ ತೆಳು ಎಪಾಕ್ಸಿ. ಅಂಚಿನಲ್ಲಿ ದೋಣಿಯಾಕಾರದ ತಗ್ಗು ಕೆತ್ತಿ, 200 ಮಿ.ಮೀ. ಉದ್ದ, ನಡುವೆ 12 ಮಿ.ಮೀ. ಆಳ, ಎರಡೂ ಕಡೆ ಎಂಟಕ್ಕೆ ಒಂದರ ಇಳಿಜಾರು, ಹಳೆಯ ಮುರಿದ ಬ್ಯಾಟಿನಿಂದ ತೆಗೆದ ವಿಲ್ಲೋ ತುಂಡನ್ನು ನಾರಿನ ದಿಕ್ಕು ಹೊಂದಿಸಿ ಕೂರಿಸಲಾಯಿತು. ಕ್ರಿಕೆಟ್ ನಿಯಮದ 5ನೇ ಕಲಮು ರಿಪೇರಿಗಾಗಿ ಬ್ಲೇಡಿನೊಳಗೆ ಮರ ಮತ್ತು ಅಗತ್ಯದಷ್ಟು ಅಂಟು ಮಾತ್ರ ಒಪ್ಪುತ್ತದೆ. ಬಿರುಕಿಗೆ ಅಡ್ಡ ಸ್ಕ್ರೂ ಬಿಗಿದು ಕೊಡುವವರು ಇದ್ದಾರೆ, ಆ ಬ್ಯಾಟು ಪಂದ್ಯಕ್ಕೆ ನಡೆಯುವುದಿಲ್ಲ. ಮೇಲಿನ ಶೀಟ್ ಕೂಡ 1 ಮಿ.ಮೀ. ಮೀರಬಾರದು.

ಅಂಟಿನ ಕೆಲಸ ಬೆಳಗಿನ ಆರಕ್ಕೇ ಮುಗಿಸಬೇಕು. ಬಿಳಿ ಮರದಂಟು 40 ಡಿಗ್ರಿಯಲ್ಲಿ ಹಚ್ಚುತ್ತಿದ್ದಂತೆಯೇ ಕೆನೆಗಟ್ಟುತ್ತದೆ, ಕ್ಲ್ಯಾಂಪ್ ಬಿಗಿಯುವ ಹೊತ್ತಿಗೆ ಹಿಡಿಯುವುದಿಲ್ಲ. ಬಿಗಿದು 24 ತಾಸು. ಬಳಿಕ ಮುಖ, ಎರಡೂ ಅಂಚು, ಹಿಂಬದಿ ಎಲ್ಲಕ್ಕೂ ಸೇರಿ ಒಂದು ಚಮಚ ಹಸಿ ಅಗಸೆ ಎಣ್ಣೆ, ಮಲಗಿಸಿಟ್ಟು ಒಂದು ದಿನ, ಮತ್ತೊಂದು ಚಮಚ. ಸ್ಪ್ಲೈಸ್‌ಗೆ (ಹ್ಯಾಂಡಲ್ ಬ್ಲೇಡಿಗೆ ಸೇರುವ ಜೋಡಣೆ) ಎಣ್ಣೆ ಮುಟ್ಟಿಸಬಾರದು, ಅಲ್ಲಿ ಅಂಟು ಸಡಿಲವಾದೀತು. ಮೊದಲು ಎಣ್ಣೆ ಬಿದ್ದಿದ್ದು ಮುಖಕ್ಕೆ ಮಾತ್ರ, ಹಿಂಬದಿ ಬೆತ್ತಲೆಯಾಗಿ ಒಣಗಿತ್ತು, ಆಟಗಾರರ ಕಡೆಯ ತಪ್ಪು ಇದೊಂದು. ಬಣ್ಣದಂಗಡಿಯ ಕಾಯಿಸಿದ ಎಣ್ಣೆ ಬೇಡ, ಅದರಲ್ಲಿ ಬೇಗ ಗಟ್ಟಿಯಾಗಲು ಲೋಹದ ಲವಣ ಸೇರಿಸಿರುತ್ತಾರೆ. ಗಾಣದಿಂದ ತಂದ, ಅಡುಗೆಗೆ ಬಳಸುವ ಅಗಸೆ ಎಣ್ಣೆ ಸಾಕು. ಅಗಸಿ ಹಿಂಡಿ ತಿನ್ನುವ ಊರಲ್ಲಿ ಇದಕ್ಕಾಗಿ ಪಾರ್ಸೆಲ್ ತರಿಸುವವರನ್ನು ನೋಡಿದರೆ ನಗು ಬರುತ್ತದೆ.

ಕೊಳ್ಳುವಾಗ ಏನು ಕಾಣುತ್ತಿತ್ತು

ಆಟಗಾರರ ಮೊಬೈಲ್‌ನಲ್ಲಿ ಮಾರಾಟದ ಪುಟದ ಚಿತ್ರ ಇನ್ನೂ ಇತ್ತು. ದೊಡ್ಡದು ಮಾಡಿ ನೋಡಿದರೆ, 21 ಸೆಂ.ಮೀ. ಮೇಲೆ ಮೂರು ಗೆರೆಗಳ ಬಳುಕು ಅದರಲ್ಲೂ ಇದೆ. ಕೊಂಡವರ ಕಣ್ಣು ಬಿಳುಪಿನ ಮೇಲಿತ್ತು. ದರ್ಜೆ ಎಂಬುದು ಬಹುಪಾಲು ಮುಖದ ಅಂದಕ್ಕೆ ಕೊಡುವ ಅಂಕ. ಚಿಟ್ಟೆಯಂಥ ಕಂದು ಕಲೆ ಇರುವ ಬ್ಯಾಟು ದರ್ಜೆಯಲ್ಲಿ ಕೆಳಗಿಳಿದು ಅಗ್ಗವಾಗುತ್ತದೆ, ಆದರೆ ಆ ಮರ ಗಟ್ಟಿ ಎಂಬುದು ಬ್ಯಾಟು ಮಾಡುವವರ ಮಾತು. ಕೆಂಪು ಪಟ್ಟಿ ಕೂಡ ದೋಷವಲ್ಲ. ಬಿಳುಪನ್ನು ರಾಸಾಯನಿಕ ಹಾಕಿ ತರಿಸುವುದೂ ಉಂಟು. ಇಲ್ಲಿನ ಬೇಸಿಗೆಗೆ, ಹನ್ನೆರಡು ಗೆರೆಯ ಬಿಳಿ ಬ್ಯಾಟಿಗಿಂತ ಆರೇಳು ನೇರ ಗೆರೆಯ, ಕಲೆಯಿರುವ ಬ್ಯಾಟು ನಮ್ಮ ಆಯ್ಕೆ. ಅಂಗಡಿಯಲ್ಲಿ ಸ್ಟಿಕ್ಕರ್ ಕೀಳಲು ಬಿಡುವುದಿಲ್ಲ, ಆದರೆ ಸ್ಟಿಕ್ಕರ್ ಹಚ್ಚದ ಅಂಚುಗಳ ಫೋಟೊ ಕೇಳಬಹುದು. ಮುಖದ ತುಂಬ ಶೀಟ್ ಅಂಟಿಸಿಯೇ ಮಾರುವ ಅಗ್ಗದ ಬ್ಯಾಟಿನಲ್ಲಿ ನೋಡಲು ಏನೂ ಉಳಿದಿರುವುದಿಲ್ಲ.

ಪುಟ್ಟಿಯ ಚುಕ್ಕೆ, ಗೆರೆಯ ಬಳುಕು, ತಕ್ಕಡಿ, ಒಡೆದ ಮೈ, ಹೀಗೆ ನಾಲ್ಕು ಫೋಟೊ ಮಾರಾಟಗಾರರಿಗೆ ಹೋದವು. ತಕ್ಕಡಿಯ ಫೋಟೊ ಕಳಿಸಬೇಕೋ ಬೇಡವೋ ಎಂಬ ಚರ್ಚೆ ನಡೆದು, ಕೊನೆಗೆ ಕಳಿಸಿದ್ದೇ ಸರಿಯಾಯಿತು. ಪುಟ್ಟಿಗೆ ಉತ್ತರವಿಲ್ಲದ ಅವರು ಅರ್ಧ ಬೆಲೆಯ ಕೂಪನ್ ಕೊಟ್ಟರು, ಒಣಗಿಸಿದ್ದಕ್ಕೆ ಉತ್ತರವಿಲ್ಲದ ಇವರು ತೆಗೆದುಕೊಂಡರು.

ಬ್ಯಾಟು ಈಗ ನೆಟ್ಸ್‌ಗೆ ಮಾತ್ರ. ಟೇಪು, ಶೀಟ್ ಸೇರಿ 1,200 ಗ್ರಾಂ. ಇರುವುದು ಒಳಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಹತ್ತಿ ಬಟ್ಟೆ ಸುತ್ತಿ, ಕೂಲರ್‌ನಿಂದ ದೂರ. ಜುಲೈ ಕೊನೆಗೆ, ಮಳೆ ಹಿಡಿದ ಮೇಲೆ, 1,211 ತೂಗಿತು. ತೇಪೆಯ ಕೆಳಗಿನ ಕೊನೆಯಲ್ಲಿ ಉಗುರು ಎಳೆದರೆ ಒಂದು ಸಣ್ಣ ಮೆಟ್ಟಿಲು ಸಿಗುತ್ತದೆ. ಹಳೆ ಬ್ಯಾಟಿನ ತುಂಡು ಹೊಸ ಮರಕ್ಕಿಂತ ತುಸು ಕಡಿಮೆ ಉಬ್ಬಿದೆ.